ಮೊದಲು ಮೂಲೆ, ಆಮೇಲೆ ಮೈಕು

ಕನ್ನಡದ ದನಿಗೆ ಕೆಲಸ ಸಿಗುವ ದಾರಿಗಳು ಕಳೆದ ಹತ್ತು ವರ್ಷಗಳಲ್ಲಿ ಹೆಚ್ಚಿವೆ. ಪರಭಾಷೆಯ ಸಿನಿಮಾ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡದಂತೆ ದಶಕಗಳಿಂದ ಇದ್ದ ತಡೆಯನ್ನು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಒಪ್ಪಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರನ್ನು ಎತ್ತಿಹಿಡಿದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡದಲ್ಲಿ ಮಾತಾಡಿ ಮನೆಮನೆಗೆ ಬಂತು. ಜೊತೆಗೆ ಆಡಿಯೊ ಪುಸ್ತಕ, ಮಕ್ಕಳ ಕತೆ, ಆನ್‌ಲೈನ್ ಪಾಠ, ಜಾಹೀರಾತು, ಯೂಟ್ಯೂಬ್ ನಿರೂಪಣೆ ಎಲ್ಲಕ್ಕೂ ಕನ್ನಡದ ದನಿ ಬೇಕಾಗಿದೆ. ದೊಡ್ಡ ಪರದೆಯ ಕಂಠದಾನ ಈಗಲೂ ಸ್ಟುಡಿಯೊದಲ್ಲಿ, ನಿರ್ದೇಶಕರ ಎದುರಿನಲ್ಲೇ ಹೆಚ್ಚಾಗಿ ನಡೆಯುತ್ತದೆ. ಆದರೆ ಅಲ್ಲಿಗೆ ಕರೆ ಬರಬೇಕಾದರೂ ಮೊದಲು ಕಳಿಸಬೇಕಾದ ಸ್ಯಾಂಪಲ್ ತಯಾರಾಗುವುದು ಮನೆಯಲ್ಲಿ. ಸಣ್ಣ ಕೆಲಸಗಳಲ್ಲಂತೂ ಪೂರ್ತಿ ಧ್ವನಿಮುದ್ರಣವೇ ಮನೆಯಿಂದ ಹೋಗುತ್ತದೆ. ಹಾಗಾಗಿ ರಂಗಭೂಮಿಯಿಂದ ಬಂದವರು, ನಿರೂಪಣೆಯ ಆಸೆಯಿರುವ ಕಾಲೇಜು ಹುಡುಗ ಹುಡುಗಿಯರು, ಓದುವುದರಲ್ಲಿ ಒಳ್ಳೆಯ ಹೆಸರಿರುವ ಶಿಕ್ಷಕಿಯರು ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಮೈಕ್ ತಗೊಳ್ಳಬೇಕು? ಈ ಪ್ರಶ್ನೆಯನ್ನು ಮೊದಲಿಗೆ ಕೇಳುವುದೇ ಹೊಸಬರ ಹಣವನ್ನು ಹಾಳುಮಾಡುತ್ತಿದೆ ಎಂಬುದು ನನ್ನ ವಾದ. ಕೊಳ್ಳುವ ಪಟ್ಟಿಯಲ್ಲಿ ಮೈಕಿನ ಜಾಗ ಕೊನೆಯದು. ಮೊದಲ ಜಾಗ ಮನೆಯ ಒಂದು ಮೂಲೆಗೆ ಸೇರಬೇಕು.

ಇದನ್ನು ಅಭಿಪ್ರಾಯವೆಂದು ಬಿಡದೆ ಲೆಕ್ಕ ಹಾಕಿ ನೋಡೋಣ. ಮೈಕಿನ ಮುಂದೆ ಮಾತಾಡಿದಾಗ ಅದಕ್ಕೆ ಮೂರು ಸದ್ದುಗಳು ತಲುಪುತ್ತವೆ: ಬಾಯಿಂದ ನೇರವಾಗಿ ಬಂದ ದನಿ, ಕೋಣೆಯಲ್ಲಿ ಮೊದಲೇ ಇರುವ ಗದ್ದಲ, ಗೋಡೆ ನೆಲ ಸೂರುಗಳಿಗೆ ಬಡಿದು ಮರಳಿ ಬರುವ ಅದೇ ದನಿ. ಮಾಮೂಲಿ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. ದೂರ ಅರ್ಧಕ್ಕಿಳಿದಾಗಲೆಲ್ಲ ನೇರ ದನಿ 6 ಡೆಸಿಬೆಲ್ ಏರುತ್ತದೆ, ಹಾಗಾಗಿ 15 ಸೆಂಟಿಮೀಟರಿನಲ್ಲಿ ಅದು 76ರ ಹತ್ತಿರ ಬರುತ್ತದೆ. ಅಮೆಜಾನ್‌ನ ಆಡಿಯೊ ಪುಸ್ತಕ ವೇದಿಕೆ ಎಸಿಎಕ್ಸ್ ಒಂದು ಅಳತೆ ಇಟ್ಟಿದೆ: ಮಾತಿನ ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ನಡುವೆ ಇರಬೇಕು, ಮಾತಿಲ್ಲದಾಗಿನ ಗದ್ದಲ ಮೈನಸ್ 60ನ್ನು ಮೀರಬಾರದು. ಅಂದರೆ ಮಾತಿಗೂ ಗದ್ದಲಕ್ಕೂ ಸುಮಾರು 40 ಡೆಸಿಬೆಲ್ ಅಂತರ ಬೇಕು. ನಮ್ಮಲ್ಲಿ ಕೆಲಸ ಕೊಡುವವರು ಈ ಅಂಕಿಯನ್ನು ಬಾಯಿಬಿಟ್ಟು ಹೇಳದಿರಬಹುದು, ಆದರೆ ಕಿವಿಗೆ ಶುದ್ಧವೆನಿಸುವ ಧ್ವನಿಮುದ್ರಣಗಳು ಇದೇ ಸುಮಾರಿನಲ್ಲಿರುತ್ತವೆ. ಕೋಣೆಯ ಗದ್ದಲ 35 ಡೆಸಿಬೆಲ್ ಇದ್ದರೆ, 15 ಸೆಂಟಿಮೀಟರಿನಿಂದ ಮಾತಾಡುವವರು ಈ ಪರೀಕ್ಷೆಯಲ್ಲಿ ಕಷ್ಟಪಟ್ಟು ಪಾಸಾಗುತ್ತಾರೆ. ಮೈಕನ್ನು ಮೇಜಿನ ಆಚೆ ತುದಿಗಿಟ್ಟು ಮಾತಾಡುವವರು ಎಷ್ಟೇ ದುಬಾರಿಯ ಮೈಕ್ ಇಟ್ಟುಕೊಂಡಿದ್ದರೂ ಫೇಲಾಗುತ್ತಾರೆ. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಕೋಣೆಯ ಗದ್ದಲ 45ರ ಆಸುಪಾಸಿಗೆ ಏರುವುದು ಸಾಮಾನ್ಯ. ಆಗ ಹತ್ತಿರ ಕೂತರೂ ಪ್ರಯೋಜನವಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು 45, ಹಗಲು 55 ಡೆಸಿಬೆಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆ ಮಿತಿಯೂ ಪಾಲನೆಯಾಗದ ಊರುಗಳಲ್ಲಿ ಕಿಟಕಿಯ ಆಚೆಗೆ ಏನಿರುತ್ತದೆಂದು ಎಲ್ಲರಿಗೂ ಗೊತ್ತು.

ಈಗ ಮೈಕಿನ ಪಾಲು ನೋಡಿ. ಪ್ರತಿ ಕಂಡೆನ್ಸರ್ ಮೈಕಿಗೂ ತನ್ನದೇ ಒಂದು ಸಣ್ಣ ಹಿಸ್ ಇರುತ್ತದೆ, ತಯಾರಕರು ಅದನ್ನು ಅಳೆದು ಮುದ್ರಿಸುತ್ತಾರೆ. ಹೊಸಬರ ಪಟ್ಟಿಯಲ್ಲಿ ಸದಾ ಇರುವ ಆಡಿಯೊ-ಟೆಕ್ನಿಕಾ ಎಟಿ2020ರಲ್ಲಿ ಅದು 20 ಡೆಸಿಬೆಲ್. ಹೆಚ್ಚುಕಡಿಮೆ ಎರಡು ಪಟ್ಟು ಬೆಲೆಯ ರೋಡ್ ಎನ್‌ಟಿ1-ಎ ಮೈಕಿನಲ್ಲಿ ಬರೀ 5. ಕಾಗದದ ಮೇಲೆ ಇದು ಭಾರಿ ಅಂತರ. ಆದರೆ 35 ಡೆಸಿಬೆಲ್ ಗದ್ದಲವಿರುವ ಕೋಣೆಯೊಳಗೆ ಇವೆರಡನ್ನೂ ತಂದಿಟ್ಟು ಒಟ್ಟು ಗದ್ದಲವನ್ನು ಕೂಡಿದರೆ ಒಂದರಲ್ಲಿ 35.14, ಇನ್ನೊಂದರಲ್ಲಿ 35.00 ಬರುತ್ತದೆ. ವ್ಯತ್ಯಾಸ ಒಂದು ಡೆಸಿಬೆಲ್‌ನ ಏಳನೇ ಒಂದು ಭಾಗಕ್ಕಿಂತಲೂ ಕಡಿಮೆ. ಮನುಷ್ಯರ ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ಹೊಸಬರು ಹೆಚ್ಚುವರಿ ಎಂಟು ಹತ್ತು ಸಾವಿರ ಕೊಟ್ಟು ಕೊಂಡ ಆ ನಿಶ್ಶಬ್ದವನ್ನು ಅವರ ಕೋಣೆಯೇ ನುಂಗಿಹಾಕಿರುತ್ತದೆ. ಮೈಕಿನ ಒಳ್ಳೆಯತನ ಅಷ್ಟೇ ಅಲ್ಲವಲ್ಲ, ದನಿಯ ಬಣ್ಣವೂ ಇದೆ ಎನ್ನಬಹುದು. ನಿಜ, ಮೈಕಿನಿಂದ ಮೈಕಿಗೆ ಬಣ್ಣ ಬದಲಾಗುತ್ತದೆ. ಆದರೆ ಆ ಬಣ್ಣದ ಸೂಕ್ಷ್ಮ ಕಾಣಬೇಕಾದರೂ ಮೊದಲು ಗೋಡೆಗಳ ಸದ್ದು ಅಡಗಬೇಕು. ಯೂಟ್ಯೂಬಿನಲ್ಲಿ ಹತ್ತು ಮೈಕುಗಳನ್ನು ಸಾಲಾಗಿಟ್ಟು ಹೋಲಿಸಿ ತೋರಿಸುವವರು ಚೆನ್ನಾಗಿ ಸಜ್ಜುಗೊಳಿಸಿದ ಕೋಣೆಯಲ್ಲಿ ಕೂತಿರುತ್ತಾರೆ. ನೋಡುವವರಿಗೆ ಮೈಕ್ ಕಾಣುತ್ತದೆ, ಕೋಣೆ ಕಾಣುವುದಿಲ್ಲ.

ಮೂರನೆಯ ಸದ್ದು, ಅಂದರೆ ಮರಳಿ ಬರುವ ದನಿಯ ವಿಷಯದಲ್ಲಿ ನಮ್ಮ ಮನೆಗಳ ಕಷ್ಟ ಇನ್ನೂ ದೊಡ್ಡದು. ಕೋಣೆಯಲ್ಲಿ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಸಭಾಂಗಣದಲ್ಲಿ ಮಾತು ಗೊಂದಲವಾಗಿ ಕೇಳುತ್ತಿತ್ತು, ಅದನ್ನು ಸರಿಪಡಿಸುವ ಕೆಲಸ ಅವರಿಗೆ ಬಂತು. ರಾತ್ರಿ ಹೊತ್ತು, ಗದ್ದಲ ಅಡಗಿದ ಮೇಲೆ, ಪಕ್ಕದ ಸ್ಯಾಂಡರ್ಸ್ ನಾಟಕಶಾಲೆಯ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಆರ್ಗನ್ ಕೊಳವೆ ಊದಿ, ಗಡಿಯಾರ ಹಿಡಿದು ಅವರು ಅಳೆದರು. ಮೆತ್ತೆ ಹೆಚ್ಚಿದಂತೆ ಅನುರಣನದ ಕಾಲ ಕಡಿಮೆಯಾಗುತ್ತದೆ ಎಂಬ ಅವರ ಸೂತ್ರವನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಅದೇ ಸೂತ್ರವನ್ನು ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ನಮ್ಮ ಮಾಮೂಲಿ ಕೋಣೆಗೆ ಹಾಕೋಣ. ಸಿಮೆಂಟ್ ಗಾರೆಯ ಗೋಡೆ, ಆರ್‌ಸಿಸಿ ಸೂರು, ವಿಟ್ರಿಫೈಡ್ ಟೈಲ್ಸ್ ನೆಲ. ಇವು ತಮಗೆ ಬಡಿದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಹೀರಿಕೊಳ್ಳುತ್ತವೆ. ಕೋಣೆ ಪೂರ್ತಿ ಖಾಲಿಯಿದ್ದರೆ ಲೆಕ್ಕಕ್ಕೆ ಬರುವ ಅನುರಣನ ಸುಮಾರು ಮೂರು ಸೆಕೆಂಡ್. ಅದೇ ಕೋಣೆಯಲ್ಲಿ ಬಿದ್ದ ಸದ್ದಿನ ಅರ್ಧದಷ್ಟು ಹೀರುವ ದಪ್ಪ ಬಟ್ಟೆ ಹಾಸಿಗೆಗಳನ್ನು ಹತ್ತು ಚದರ ಮೀಟರಿನಷ್ಟು ತೂಗುಹಾಕಿದರೆ ಅದು 0.7 ಸೆಕೆಂಡಿಗೆ ಇಳಿಯುತ್ತದೆ, ಇಪ್ಪತ್ತು ಚದರ ಮೀಟರಾದರೆ 0.4ಕ್ಕೆ. ಚಿಕ್ಕ ಕೋಣೆಗಳಲ್ಲಿ ಈ ಸೂತ್ರ ಅಂದಾಜು ಮಾತ್ರ, ಆದರೆ ಅದು ತೋರಿಸುವ ದಿಕ್ಕು ತಪ್ಪುವುದಿಲ್ಲ. ಯಾವ ಮೈಕೂ ಯಾವ ಬೆಲೆಗೂ ಮೂರು ಸೆಕೆಂಡನ್ನು 0.4 ಮಾಡಲಾರದು.

ಕನ್ನಡದ ಮಟ್ಟಿಗೆ ಈ ಮಾತಿಗೆ ಇನ್ನೂ ಒಂದು ತೂಕವಿದೆ, ಅದನ್ನು ಯಾರೂ ಹೇಳದಿರುವುದು ನನಗೆ ಬೇಸರದ ಸಂಗತಿ. ನಮ್ಮ ನುಡಿ ಅರ್ಥವನ್ನು ಕಾಲದ ಮೇಲೆ ನಿಲ್ಲಿಸುತ್ತದೆ. ಹ್ರಸ್ವ ದೀರ್ಘ ಬದಲಾದರೆ ಪದ ಬದಲಾಗುತ್ತದೆ, ಒತ್ತಕ್ಷರ ಬಂದರೆ ಪದ ಬದಲಾಗುತ್ತದೆ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ, ನಾಲಿಗೆ ಹಲ್ಲಿಗೆ ಅಂಟಿಕೊಂಡು ಉಸಿರನ್ನು ತಡೆದು ನಿಲ್ಲಿಸುವ ಒಂದು ಸಣ್ಣ ಮೌನದ ಉದ್ದದಲ್ಲಿದೆ. ಕತ್ತೆಯಲ್ಲಿ ಆ ಮೌನ ಸುಮಾರು 0.15 ಸೆಕೆಂಡ್ ಎಂದಿಟ್ಟುಕೊಳ್ಳಿ. ಮೂರು ಸೆಕೆಂಡ್ ಅನುರಣನವಿರುವ ಕೋಣೆಯಲ್ಲಿ, ಗೋಡೆಗಳಿಂದ ಮರಳಿದ ಹಿಂದಿನ ಸ್ವರ ಅಷ್ಟು ಹೊತ್ತಿನಲ್ಲಿ ಕುಗ್ಗುವುದು ಬರೀ 3 ಡೆಸಿಬೆಲ್. ಮೌನ ಇರಬೇಕಾದ ಜಾಗದಲ್ಲಿ ಹಿಂದಿನ ಸ್ವರದ ಬಾಲ ಬಂದು ತುಂಬಿಕೊಳ್ಳುತ್ತದೆ. 0.4 ಸೆಕೆಂಡಿನ ಕೋಣೆಯಲ್ಲಿ ಅದೇ ಬಾಲ 22 ಡೆಸಿಬೆಲ್ ಕುಗ್ಗಿ, ಒತ್ತು ಒತ್ತಾಗಿಯೇ ಕೇಳುತ್ತದೆ. ಕೇಳುಗರು ಸಂದರ್ಭ ನೋಡಿ ಪದವನ್ನು ಹೇಗೋ ಊಹಿಸಿಕೊಳ್ಳುತ್ತಾರೆ, ಆದರೆ ಹತ್ತು ಗಂಟೆಯ ಆಡಿಯೊ ಪುಸ್ತಕದಲ್ಲಿ ಪ್ರತಿ ಸಾಲಿಗೂ ಹೀಗೆ ಊಹಿಸುತ್ತ ಕೂರುವುದು ದಣಿವಿನ ಕೆಲಸ. ಅರ್ಧ ಗಂಟೆಯಲ್ಲಿ ಆರಿಸಿಬಿಡುತ್ತಾರೆ, ಯಾಕೆ ಆರಿಸಿದೆವೆಂಬುದು ಅವರಿಗೂ ತಿಳಿದಿರುವುದಿಲ್ಲ. ಲಕಾರ ಳಕಾರ, ಅಕಾರ ಹಕಾರಗಳನ್ನು ಚೊಕ್ಕವಾಗಿ ನುಡಿಯಲು ವರ್ಷಗಟ್ಟಲೆ ಶ್ರಮಪಟ್ಟ ಕಲಾವಿದರ ಸಾಧನೆ ಬೋಳು ಗೋಡೆಗಳ ನಡುವೆ ಕಲಸಿಹೋಗುವುದು ಅನ್ಯಾಯ.

ಹಾಗಾದರೆ ಮೂಲೆ ಸಿದ್ಧಮಾಡುವುದು ಹೇಗೆ? ಇದಕ್ಕೆ ಬೇಕಾದ ಸರಕು ನಮ್ಮಲ್ಲಿ ಹಲವು ಮನೆಗಳಲ್ಲಿ ಆಗಲೇ ಇದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದ ಉತ್ತರ ಕರ್ನಾಟಕದ ಕೌದಿ, ಕುರಿ ಉಣ್ಣೆಯ ಕಂಬಳಿ, ದಪ್ಪ ಜಮಖಾನೆ, ಅರಳೆ ತುಂಬಿದ ಹಾಸಿಗೆ ಇವೆಲ್ಲ ಗಾಳಿಯ ಅಲುಗಾಟವನ್ನು ಎಳೆಗಳ ನಡುವೆ ಹಿಡಿದು ಸದ್ದನ್ನು ಹೀರುವ ವಸ್ತುಗಳು. ಆನ್‌ಲೈನಿನಲ್ಲಿ ಸಿಗುವ ಒಂದಂಗುಲದ ಕಪ್ಪು ಫೋಮ್ ತುಂಡುಗಳಿಗಿಂತ ಎರಡು ಕೌದಿಗಳನ್ನು ಜೋಡಿಸಿ ತೂಗುಹಾಕುವುದು ಮೇಲು ಎನ್ನಲು ಕಾರಣವಿದೆ. ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡಲು ಸದ್ದಿನ ಅಲೆಯ ಉದ್ದದ ಕಾಲು ಭಾಗದಷ್ಟಾದರೂ ಗೋಡೆಯಿಂದ ಈಚೆಗೆ ಬಂದಿರಬೇಕು. ಗೋಡೆಗೆ ಅಂಟಿಸಿದ ಒಂದಂಗುಲದ ಫೋಮ್ ಮೂರು ಸಾವಿರ ಹರ್ಟ್ಸ್‌ಗಿಂತ ಮೇಲಿನ ಚೂಪು ಸದ್ದುಗಳನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಮನುಷ್ಯರ ದನಿಯ ಬುಡ ಇರುವುದು ನೂರು, ಇನ್ನೂರು ಹರ್ಟ್ಸ್‌ಗಳಲ್ಲಿ. ಚೂಪು ಹೋಗಿ ಬುಡದ ಗುಂಯ್‌ಗುಡುವಿಕೆ ಮಾತ್ರ ಉಳಿದರೆ ದನಿ ಪೀಪಾಯಿಯೊಳಗಿಂದ ಬಂದಂತೆ ಕೇಳುತ್ತದೆ. ಆದ್ದರಿಂದ ಕೌದಿಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆಯಬಾರದು. ಹಗ್ಗ ಕಟ್ಟಿ, ಗೋಡೆಯಿಂದ ನಾಲ್ಕಾರು ಅಂಗುಲ ಈಚೆಗೆ ತೂಗುಬಿಡಬೇಕು. ಆ ಖಾಲಿ ಜಾಗಕ್ಕೆ ಖರ್ಚಿಲ್ಲ, ಫಲ ಮಾತ್ರ ಹೆಚ್ಚು. ಇನ್ನು ಮೊಟ್ಟೆಯ ಟ್ರೇಗಳನ್ನು ಗೋಡೆ ತುಂಬ ಅಂಟಿಸುವ ಅಭ್ಯಾಸವನ್ನು ಬಿಟ್ಟೇಬಿಡಬೇಕು. ಅವು ಹೀರುವುದು ಅತ್ಯಲ್ಪ, ಬೆಂಕಿ ತಗುಲಿದರೆ ಉರಿಯುವುದು ಬೇಗ.

ಬಟ್ಟೆ ಎಲ್ಲಿರಬೇಕೆಂಬುದರಲ್ಲೂ ಹೆಚ್ಚಿನವರು ಎಡವುತ್ತಾರೆ. ಸಾಮಾನ್ಯವಾಗಿ ಕೊಳ್ಳುವ ಕಾರ್ಡಿಯಾಯ್ಡ್ ಮೈಕ್ ಮುಂದಿನಿಂದ ಬಂದದ್ದನ್ನು ಹೆಚ್ಚು, ಹಿಂದಿನಿಂದ ಬಂದದ್ದನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ. ಅದರ ಮುಂದಿರುವುದು ಮಾತಾಡುವವರ ಮುಖ, ಅವರ ಬೆನ್ನ ಹಿಂದಿನ ಗೋಡೆ. ಆದರೂ ಫೋಟೊಗಳಲ್ಲಿ ಕಂಡಂತೆ ಮೈಕಿನ ಹಿಂದೆ ಫೋಮ್ ಹಚ್ಚಿ, ಬೆನ್ನ ಹಿಂದೆ ಬೋಳು ಗೋಡೆ ಬಿಡುವವರೇ ಬಹಳ. ದಪ್ಪನೆಯ ಹೊದಿಕೆ ಮೊದಲು ಬೇಕಾದದ್ದು ಬೆನ್ನ ಹಿಂದೆ, ಆಮೇಲೆ ಎರಡು ಬದಿಗೆ, ಆಮೇಲೆ ತಲೆಯ ಮೇಲೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ಕೂತರೆ ಅರ್ಧ ಕೆಲಸ ಮುಗಿದಂತೆ. ಓದುವ ಹಾಳೆ ಇಡುವ ಮೇಜಿನ ಮೇಲೂ ಒಂದು ದಪ್ಪ ಟವೆಲ್ ಹಾಸಬೇಕು. ಇಲ್ಲಿ ಒಂದು ಭ್ರಮೆಯನ್ನೂ ಬಿಡಿಸಬೇಕಿದೆ: ಕಂಬಳಿ ಒಳಗಿನ ಮಾರ್ದನಿಯನ್ನು ಹೀರುತ್ತದೆಯೇ ಹೊರತು ಹೊರಗಿನ ಲಾರಿಯ ಸದ್ದನ್ನು ತಡೆಯುವುದಿಲ್ಲ. ಹೊರಗಿನ ಸದ್ದು ತಡೆಯಲು ತೂಕ ಬೇಕು, ಇಟ್ಟಿಗೆ ಗೋಡೆ ಬೇಕು, ಸಂದಿಯಿಲ್ಲದ ಬಾಗಿಲು ಬೇಕು. ಅದು ಬಾಡಿಗೆ ಮನೆಯಲ್ಲಿ ಆಗುವ ಮಾತಲ್ಲ. ಹಾಗಾಗಿ ಹೊರಗಿನ ಗದ್ದಲಕ್ಕೆ ಇರುವ ಅಗ್ಗದ ಮದ್ದು ಹೊತ್ತು. ಮೈಕ್ ಕೊಳ್ಳುವ ಮೊದಲೇ ಮೊಬೈಲಿನಲ್ಲಿ ಒಂದು ನಿಮಿಷ ಬರೀ ಮೌನವನ್ನು, ಆಮೇಲೆ ಒಂದು ಪುಟ ಓದನ್ನು ಬೇರೆ ಬೇರೆ ಹೊತ್ತಿನಲ್ಲಿ ರೆಕಾರ್ಡ್ ಮಾಡಿ ಕೇಳಬೇಕು. ಪಕ್ಕದ ಮನೆಯ ಸಂಪಿನ ಮೋಟರು ಯಾವಾಗ ಓಡುತ್ತದೆ, ಫ್ರಿಜ್ಜು ಎಷ್ಟು ಹೊತ್ತಿಗೊಮ್ಮೆ ಗೊರಗುಟ್ಟುತ್ತದೆ, ಕೋಗಿಲೆ ಎಷ್ಟು ಗಂಟೆಗೆ ಶುರುಮಾಡುತ್ತದೆ, ಯಾವ ದಿಕ್ಕಿನ ಗೋಡೆ ರಸ್ತೆಗೆ ಹತ್ತಿರ ಎಂಬುದೆಲ್ಲ ಅದರಲ್ಲಿ ಬಯಲಾಗುತ್ತದೆ. ಮಲೆನಾಡು ಕರಾವಳಿಯ ಹೆಂಚಿನ ಮನೆಗಳಲ್ಲಿ ಮಳೆಗಾಲದ ಕೆಲಸವನ್ನು ಇನ್ನೂ ಎಚ್ಚರದಿಂದ ಒಪ್ಪಿಕೊಳ್ಳಬೇಕು. ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕಂಬಳಿಗಳ ನಡುವೆ ಕೂರಲು ನಸುಕು ಬಿಟ್ಟರೆ ಬೇರೆ ಹೊತ್ತಿಲ್ಲ.

ಸ್ಟುಡಿಯೊಗಳೆಲ್ಲ ದೊಡ್ಡ ಕಂಡೆನ್ಸರ್ ಮೈಕನ್ನೇ ಬಳಸುವಾಗ ಹೊಸಬರು ಮಾತ್ರ ಯಾಕೆ ತಗ್ಗಬೇಕು ಎಂಬ ಆಕ್ಷೇಪ ಬರುತ್ತದೆ. 1967ರಿಂದ ಬಳಕೆಯಲ್ಲಿರುವ ನಾಯ್ಮನ್ ಯು87 ಮೈಕಿನ ಹೆಸರನ್ನು ಈ ವಾದದಲ್ಲಿ ಖಂಡಿತ ಎತ್ತುತ್ತಾರೆ. ಆದರೆ ಆ ಮೈಕ್ ಕೂತಿರುವುದು ಸದ್ದಿಗೆಂದೇ ಕಟ್ಟಿದ ಕೋಣೆಯಲ್ಲಿ. ಅದರ ಕಿವಿ ಚುರುಕಾಗಿರುವುದು ಅಲ್ಲಿ ವರ, ಬೋಳು ಕೋಣೆಯಲ್ಲಿ ಅದೇ ಶಾಪ. ಇದಕ್ಕೆ ಪ್ರತಿಯಾಗಿ ಇನ್ನು ಕೆಲವರು ಡೈನಮಿಕ್ ಮೈಕ್ ಕೊಂಡರೆ ಕೋಣೆಯ ಚಿಂತೆಯೇ ಬೇಡ ಎನ್ನುತ್ತಾರೆ. ಪಾಡ್‌ಕಾಸ್ಟ್ ವಿಡಿಯೊಗಳಲ್ಲಿ ಎಲ್ಲರ ಮುಂದೆ ಕಾಣುವ ಶೂರ್ ಎಸ್‌ಎಂ7ಬಿ ಈ ನಂಬಿಕೆಯನ್ನು ಬೆಳೆಸಿದೆ. ಡೈನಮಿಕ್ ಮೈಕಿಗೆ ಕೋಣೆ ಕಡಿಮೆ ಕೇಳುವಂತೆ ತೋರುವುದು ಬಹುಪಾಲು ಅದನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿಯುವುದರಿಂದ. ಅದೇ ದೂರದಲ್ಲಿ, ಅದೇ ದಿಕ್ಕಿಗೆ ಕಿವಿಗೊಡುವ ಕಂಡೆನ್ಸರ್ ಇಟ್ಟರೆ ಅಂತರ ಬಹಳ ಕಿರಿದಾಗುತ್ತದೆ. ಮೇಲಾಗಿ ಎಸ್‌ಎಂ7ಬಿ ಬಲು ಮೆಲ್ಲಗಿನ ಮೈಕು, ಅದಕ್ಕೆ 60 ಡೆಸಿಬೆಲ್‌ನಷ್ಟು ವರ್ಧನೆ ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸಿನಲ್ಲಿ ಅಷ್ಟು ಏರಿಸಿದರೆ ಇಂಟರ್‌ಫೇಸಿನ ಹಿಸ್ ಮುಂದೆ ಬರುತ್ತದೆ. ಮೈಕಿಗೆ ಕೊಟ್ಟ ದುಡ್ಡಿನ ಮೇಲೆ ಇನ್ನೊಂದು ಪೆಟ್ಟಿಗೆಗೆ ದುಡ್ಡು ಕೊಡಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಈಗ ಗದ್ದಲ ತೆಗೆಯುವ ಸಾಫ್ಟ್‌ವೇರ್ ಇದೆ, ಒಂದು ಗುಂಡಿ ಒತ್ತಿದರೆ ಬೀದಿಯಲ್ಲಿ ಮಾತಾಡಿದ್ದೂ ಸ್ಟುಡಿಯೊದಲ್ಲಿ ಆಡಿದಂತೆ ಆಗುತ್ತದೆ, ಕಂಬಳಿ ಕಟ್ಟುವ ತಾಪತ್ರಯ ಯಾಕೆ ಎನ್ನುತ್ತಾರೆ. ಈ ಉಪಕರಣಗಳು ನಿಜಕ್ಕೂ ಚೆನ್ನಾಗಿವೆ, ಸಂದರ್ಶನ, ಸುದ್ದಿ ತುಣುಕುಗಳಿಗೆ ಅವುಗಳಿಂದ ದೊಡ್ಡ ಉಪಕಾರವಾಗಿದೆ. ಆದರೆ ನಟನೆಯ ದನಿಯಲ್ಲಿ ಬೆಲೆಯಿರುವುದೇ ಮೆಲ್ಲನೆಯ ಸದ್ದುಗಳಿಗೆ. ಅಳು ಬರುವ ಮೊದಲಿನ ಉಸಿರು, ಪಿಸುಮಾತು, ಮಹಾಪ್ರಾಣದ ಹಿಂದೆ ಬರುವ ಗಾಳಿ, ವಾಕ್ಯದ ಕೊನೆಯಲ್ಲಿ ಇಳಿದು ಮಾಯವಾಗುವ ಸ್ವರ ಇವೆಲ್ಲ ಗದ್ದಲದ ಮಟ್ಟದಲ್ಲೇ ಇರುತ್ತವೆ. ಯಂತ್ರಕ್ಕೆ ಉಸಿರು ಯಾವುದು ಫ್ಯಾನಿನ ಗಾಳಿ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಹೆಚ್ಚು ತೆಗೆಯಹೋದರೆ ನೀರಿನಡಿಯಿಂದ ಬಂದಂಥ ದನಿ ಉಳಿಯುತ್ತದೆ. ಮಾರ್ದನಿಯನ್ನು ತೆಗೆಯುವುದಂತೂ ಗದ್ದಲ ತೆಗೆಯುವುದಕ್ಕಿಂತ ಕಷ್ಟ, ಏಕೆಂದರೆ ಅದೂ ಅವರದೇ ದನಿ. ಕೆಲಸ ಕೊಡುವವರಲ್ಲಿ ಅನುಭವಿ ಸೌಂಡ್ ಎಂಜಿನಿಯರುಗಳು ಹಾಗೆ ತೊಳೆದ ದನಿಯನ್ನು ಕೇಳಿದೊಡನೆ ಗುರುತಿಸುತ್ತಾರೆ. ಹಲವರು ಯಾವ ಸಂಸ್ಕಾರವನ್ನೂ ಮಾಡದ ಕಚ್ಚಾ ಫೈಲನ್ನೇ ಕೇಳುವುದು ಅದಕ್ಕಾಗಿಯೇ.

ಮೂಲೆ ಸಿದ್ಧವಾದ ಮೇಲೆ ಖರೀದಿಯ ಮಾತು. ಮೊದಲು ಕೊಳ್ಳಬೇಕಾದದ್ದು ಕಿವಿ ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್. ತನ್ನ ತಪ್ಪು ತನಗೆ ಕೇಳದಿದ್ದರೆ ಎಷ್ಟು ಒಳ್ಳೆಯ ಮೈಕಿದ್ದೂ ತಿದ್ದಿಕೊಳ್ಳುವ ದಾರಿಯಿಲ್ಲ. ಬ್ಲೂಟೂತ್ ಇಯರ್‌ಬಡ್‌ಗಳು ದನಿಯನ್ನು ಕುಗ್ಗಿಸಿ, ತಡಮಾಡಿ ಕೇಳಿಸುವುದರಿಂದ ಈ ಕೆಲಸಕ್ಕೆ ಒಗ್ಗುವುದಿಲ್ಲ. ಆಮೇಲೆ ಅಲುಗಾಡದ ಒಂದು ಸ್ಟ್ಯಾಂಡ್, ಪಾಪ್ ಫಿಲ್ಟರ್. ಖ, ಥ, ಫ, ಭಗಳ ಗಾಳಿ ಮೈಕಿನ ಪೊರೆಗೆ ನೇರ ಬಡಿದರೆ ಆ ಗುದ್ದನ್ನು ಆಮೇಲೆ ತೆಗೆಯುವುದು ಕಷ್ಟ. ಮೈಕನ್ನು ಬಾಯಿಗೆ ನೇರವಾಗಿಡದೆ ತುಸು ಓರೆಯಾಗಿ, ತುಟಿಯ ಒಂದು ಬದಿಗಿಟ್ಟರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಧ್ವನಿಮುದ್ರಣದ ಸಾಫ್ಟ್‌ವೇರಿಗೆ ಖರ್ಚೇ ಬೇಡ, 2000ದಿಂದ ಉಚಿತವಾಗಿ ಸಿಗುತ್ತಿರುವ ಆಡಾಸಿಟಿ ಹೊಸಬರಿಗೆ ಧಾರಾಳವಾಗಿ ಸಾಕು. ಮೇಲೆ ಹೇಳಿದ ಮೈನಸ್ 60ರ ಪರೀಕ್ಷೆಯನ್ನೂ ಅದರಲ್ಲೇ ಮಾಡಬಹುದು. ಕೊನೆಗೆ ಮೈಕು. ಬಿಎಂ-800 ಎಂಬ ಹೆಸರಿನಲ್ಲಿ ಹಲವು ಬ್ರಾಂಡುಗಳು ಸ್ಟ್ಯಾಂಡ್, ಫೋಮ್, ವೈರುಗಳ ಸಮೇತ ಮಾರುವ ಅಗ್ಗದ ಕಟ್ಟುಗಳನ್ನು ನಾನು ಸೂಚಿಸುವುದಿಲ್ಲ. ಕಂಪ್ಯೂಟರಿನ ಮೈಕ್ ತೂತಿಗೆ ಸಿಕ್ಕಿಸಿದಾಗ ಅವುಗಳಲ್ಲಿ ಹಿಸ್ ವಿಪರೀತ. ಅವುಗಳಿಗಿಂತ ಒಂದು ಒಳ್ಳೆಯ ಕಾಲರ್ ಮೈಕನ್ನು ಮೊಬೈಲಿಗೆ ಹಾಕಿ ಕಂಬಳಿಯ ಮೂಲೆಯಲ್ಲಿ ಅಭ್ಯಾಸ ಮಾಡುವುದು ಉತ್ತಮ. ನಾಲ್ಕಾರು ಸಾವಿರ ಹೊಂದಿಸಬಲ್ಲವರಿಗೆ ಹೆಸರಾಂತ ಕಂಪನಿಯ ಯುಎಸ್‌ಬಿ ಕಾರ್ಡಿಯಾಯ್ಡ್ ಮೈಕ್ ಸರಿ. ಯುಎಸ್‌ಬಿ ಎಂದರೆ ಹವ್ಯಾಸಿಗಳದ್ದು ಎಂಬ ಮಾತು ಹತ್ತು ಹದಿನೈದು ವರ್ಷದ ಹಿಂದಿನದು, ಈಗ ಅದಕ್ಕೆ ಆಧಾರ ಕಡಿಮೆ. ಕೆಲಸದಿಂದ ಒಂದಿಷ್ಟು ದುಡ್ಡು ಬರಲು ಶುರುವಾದ ಮೇಲೆ 48 ವೋಲ್ಟ್ ಫ್ಯಾಂಟಮ್ ಪವರ್ ಕೊಡುವ ಇಂಟರ್‌ಫೇಸ್, ಅದಕ್ಕೊಂದು ಎಕ್ಸ್‌ಎಲ್‌ಆರ್ ಮೈಕ್ ತಂದುಕೊಳ್ಳಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಕೊಳ್ಳುವವರು ಬಿಲ್ಲು, ವಾರಂಟಿ ಕೇಳಿ ಪಡೆಯಬೇಕು, ಹೆಸರಾಂತ ಮೈಕುಗಳ ನಕಲಿಗಳೂ ಮಾರುಕಟ್ಟೆಯಲ್ಲಿವೆ.

ಕರೆಂಟಿನ ಬಗ್ಗೆಯೂ ಎರಡು ಮಾತು. ಹಳೆಯ ಮನೆಗಳ ಪ್ಲಗ್‌ಗಳಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಚಾರ್ಜರಿನಿಂದ 50 ಹರ್ಟ್ಸ್‌ನ ಗುಂಯ್ ಎಂಬ ಸದ್ದು ದನಿಯ ಜೊತೆ ಸೇರಿಕೊಳ್ಳುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿದರೆ ಅದು ಹೋಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಕಂಡೆನ್ಸರ್ ಮೈಕನ್ನು ಬಳಸಿದ ಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಬೇಕು. ತೇವ ಹಿಡಿದ ಪೊರೆ ಚಟಪಟ ಎನ್ನುತ್ತದೆ.

ಯಂತ್ರವೇ ಕನ್ನಡ ಓದುವ ಕಾಲದಲ್ಲಿ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕೃತಕ ದನಿ ದಿನೇದಿನೇ ಸುಧಾರಿಸುತ್ತಿದೆ, ಬಸ್ ನಿಲ್ದಾಣದ ಘೋಷಣೆ, ಮೊಬೈಲಿನ ಸೂಚನೆಯಂಥ ಕೆಲಸಗಳು ಅದರ ಪಾಲಾಗುತ್ತವೆ ಎಂಬುದನ್ನು ಒಪ್ಪಬೇಕು. ಆದರೆ ಇದೇ ನನ್ನ ವಾದಕ್ಕೆ ಬಲ ಕೊಡುತ್ತದೆ. ಯಂತ್ರದ ದನಿಯಲ್ಲಿ ಫ್ಯಾನಿಲ್ಲ, ಗೋಡೆಯಿಲ್ಲ, ಅದು ಹುಟ್ಟಾ ಶುದ್ಧ. ಅದರೆದುರು ಮನುಷ್ಯರು ನಿಲ್ಲುವುದು ಧಾರವಾಡದ ಲಯ, ಕುಂದಾಪುರದ ರಾಗ, ಕೋಲಾರದ ಸೊಗಡು, ಸಿಟ್ಟು ನುಂಗಿಕೊಂಡ ಮಾತಿನ ಬಿಗಿ ಇವುಗಳ ಬಲದ ಮೇಲೆ. ಗದ್ದಲದಲ್ಲಿ ಆ ಸೂಕ್ಷ್ಮಗಳು ಮುಚ್ಚಿಹೋದರೆ ಕೇಳುಗರಿಗೆ ಉಳಿಯುವ ಆಯ್ಕೆ ಅಶುದ್ಧವಾದ ಮನುಷ್ಯರ ದನಿ, ಶುದ್ಧವಾದ ಯಂತ್ರದ ದನಿ ಇವೆರಡೇ. ಈ ದಾರಿ ಕೈಹಿಡಿಯುವುದೋ ಇಲ್ಲವೋ ಎಂಬ ಅಳುಕಿರುವವರಿಗೂ ಮೂಲೆಗೆ ಹಾಕಿದ ಶ್ರಮವೇ ಕಡಿಮೆ ನಷ್ಟದ್ದು. ಮೈಕನ್ನು ಮರುಮಾರಿದರೆ ಅರ್ಧ ಬೆಲೆ ಬಂದರೆ ಹೆಚ್ಚು, ಕೌದಿ ಕಂಬಳಿ ಮನೆಯಲ್ಲೇ ಉಪಯೋಗಕ್ಕೆ ಬರುತ್ತವೆ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಅದಕ್ಕೆ ಪೂರ್ತಿ ಉತ್ತರ ಯಾವ ಒಬ್ಬ ಕಲಾವಿದರ ಕೈಯಲ್ಲೂ ಇಲ್ಲ. ಒಂದೇ ಕೋಣೆಯಲ್ಲಿ ಐದು ಜನ ಬದುಕುವ ಮನೆಯಲ್ಲಿ ಯಾವ ಮೂಲೆ, ಯಾವ ಮೌನ? ಬೆಲೆಯಿಳಿದು ಮೈಕ್ ಬಡವರ ಕೈಗೂ ಎಟಕುತ್ತಿದೆ, ಮೌನ ಮಾತ್ರ ಜಾಗವಿರುವವರ ಆಸ್ತಿಯಾಗಿಯೇ ಉಳಿದಿದೆ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ನಡೆಸಲು ಆರಂಭಿಸಿದರು. ಮುಂದೆ ಇಡೀ ದೇಶದ ರೇಡಿಯೊ ಆ ಹೆಸರನ್ನು ಹೊತ್ತುಕೊಂಡಿತು. ಮನೆಯೊಂದು ಊರಿನ ದನಿಗೆ ಜಾಗ ಕೊಟ್ಟ ಉದಾಹರಣೆ ನಮ್ಮಲ್ಲೇ ಇರುವಾಗ, ಊರಿನ ಸಾರ್ವಜನಿಕ ಕಟ್ಟಡಗಳು ಮನೆಯಲ್ಲಿ ಜಾಗವಿಲ್ಲದವರ ದನಿಗೆ ಒಂದು ಕೋಣೆ ಕೊಡುವುದು ದೊಡ್ಡ ಮಾತಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಕರೆದು ಕಂಪ್ಯೂಟರ್‌ಗಳನ್ನು ಇಡುತ್ತಿರುವ ಸರ್ಕಾರ, ತಾಲ್ಲೂಕಿಗೊಂದರಲ್ಲಾದರೂ ರಸ್ತೆಯಿಂದ ದೂರದ ಒಂದು ಪುಟ್ಟ ಕೋಣೆಯನ್ನು ಗುರುತಿಸಲಿ. ಗಟ್ಟಿ ಬಾಗಿಲು, ಗೋಡೆಯಿಂದ ಈಚೆಗೆ ತೂಗುಬಿಟ್ಟ ಕಂಬಳಿಗಳು, ನೆಲಕ್ಕೆ ಜಮಖಾನೆ, ಒಂದು ಸಾಧಾರಣ ಮೈಕು, ಹೆಡ್‌ಫೋನು, ಹೆಸರು ಬರೆದು ಎರಡು ಗಂಟೆಯ ಸರದಿ ಪಡೆಯಲು ಒಂದು ಪುಸ್ತಕ ಇಷ್ಟಿದ್ದರೆ ಆಯಿತು. ಇದೇ ಕೋಣೆಯಲ್ಲಿ ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಮುದ್ರಿಸಬಹುದು, ಊರಿನ ಹಿರಿಯರು ಹಾಡುವ ಪದಗಳನ್ನು ಹಿಡಿದಿಡಬಹುದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಒಟ್ಟಿಗೆ ಕೂತು ಮಾತಾಡಿದರೆ ಮುಂದಿನ ಬಜೆಟ್‌ಗೆ ಮೊದಲೇ ನಾಲ್ಕೈದು ತಾಲ್ಲೂಕುಗಳಲ್ಲಿ ಇದನ್ನು ಶುರುಮಾಡಿ ನೋಡಲು ಅಡ್ಡಿಯಿಲ್ಲ.